ನೋಡುವವರನ್ನೂ ನೋಡುವವರು

ಆಗಸ್ಟ್ ಕೊನೆಗೆ ಅಮೆರಿಕದ ವಿಶ್ವವಿದ್ಯಾಲಯಗಳ ಬಾಗಿಲು ತೆರೆಯುವಾಗ ಒಂದೊಂದು ವಿಭಾಗವೂ ತನ್ನ ಹೊಸಬರನ್ನು ಪರಿಚಯಿಸುವ ರೂಢಿಯಿದೆ. ಇಬ್ಬರೋ ಮೂವರೋ ಅಧ್ಯಾಪಕರು, ಜೊತೆಗೆ ನಾಲ್ಕಾರು ಗ್ರಾಜುಯೇಟ್ ಅಸಿಸ್ಟೆಂಟರು. ಮಕ್ಕಳನ್ನು ಎಂ.ಎಸ್.ಗೆ ಕಳಿಸಿದ ಮನೆಗಳಲ್ಲಿ ಟಿ.ಎ. (ಬೋಧನಾ ಸಹಾಯಕ), ಆರ್.ಎ. (ಸಂಶೋಧನಾ ಸಹಾಯಕ) ಎಂಬ ಮಾತು ಹೊಸದೇನಲ್ಲ: ವಾರಕ್ಕೆ 20 ಗಂಟೆ ದುಡಿತ, ಶುಲ್ಕದಲ್ಲಿ ರಿಯಾಯಿತಿ, ಕೈಖರ್ಚಿಗೆ ಸ್ಟೈಪೆಂಡ್. ಎಂಜಿನಿಯರಿಂಗ್ ವಿಭಾಗದಲ್ಲಿ ಇಂಥ ಅಸಿಸ್ಟೆಂಟ್ ರಜೆ ಹಾಕಿದರೆ ಉತ್ತರಪತ್ರಿಕೆ ತಿದ್ದುವುದು ತಡವಾದೀತು, ಅಷ್ಟೆ. ಆಪ್ತಸಮಾಲೋಚನೆಯ ವಿಭಾಗದಲ್ಲಿ ಮಾತ್ರ ಕಲಿಸುವ ಕ್ರಮವೇ ಈ ಹೊಸಬರ ಮೇಲೆ ನಿಂತಿದೆ. ಏಕೆಂದರೆ ಆ ವಿಭಾಗ ಕಲಿಸುವ ಮುಖ್ಯ ವಿದ್ಯೆ ಪುಸ್ತಕದಲ್ಲಿರುವುದಲ್ಲ. ತನ್ನ ಕೆಲಸವನ್ನು ಇನ್ನೊಬ್ಬರು ನೋಡಲು ಬಿಡುವುದೇ ಆ ವಿದ್ಯೆ.

ಏರ್ಪಾಡು ಹೀಗಿದೆ. 1981ರಲ್ಲಿ ಹುಟ್ಟಿದ ಕೇಕ್ರೆಪ್ ಎಂಬ ಮಾನ್ಯತಾ ಮಂಡಳಿಯ ನಿಯಮದಂತೆ ಸ್ನಾತಕೋತ್ತರ ವಿದ್ಯಾರ್ಥಿ ಮೊದಲು 100 ಗಂಟೆಯ ಪ್ರಾಕ್ಟಿಕಂ ಮುಗಿಸಬೇಕು. ಅದರಲ್ಲಿ ಕನಿಷ್ಠ 40 ಗಂಟೆ ನೆರವು ಕೇಳಿ ಬಂದವರ ಎದುರು ಕೂತು ಕಳೆದದ್ದಾಗಿರಬೇಕು. ಆಮೇಲೆ 600 ಗಂಟೆಯ ಇಂಟರ್ನ್‌ಶಿಪ್. ಅದರಲ್ಲಿ ಇಂಥ ನೇರ ಸೇವೆ 240 ಗಂಟೆ. ಈ ಅವಧಿಯಲ್ಲಿ ವಾರಕ್ಕೆ ಒಂದು ಗಂಟೆ ಮೇಲ್ವಿಚಾರಕರ ಜೊತೆ, ಒಂದೂವರೆ ಗಂಟೆ ಸಹಪಾಠಿಗಳ ಗುಂಪಿನಲ್ಲಿ ತಾನು ಮಾಡಿದ್ದನ್ನು ಬಿಚ್ಚಿಡಬೇಕು. ಹಲವು ವಿಭಾಗಗಳು ಇದಕ್ಕೆಂದೇ ಚಿಕ್ಕ ಕ್ಲಿನಿಕ್ ನಡೆಸುತ್ತವೆ. ಗೋಡೆಯಲ್ಲಿ ಒಂದೇ ಬದಿಯಿಂದ ಕಾಣುವ ಗಾಜು ಅಥವಾ ಮೂಲೆಯಲ್ಲಿ ಕ್ಯಾಮೆರಾ. ಗಾಜಿನ ಆಚೆ ಕೂತವರು ಎಷ್ಟೋ ಸಲ ಪಿಎಚ್.ಡಿ. ಮಾಡುತ್ತಿರುವ ಅಸಿಸ್ಟೆಂಟರೇ. ಮೇಲ್ವಿಚಾರಣೆ ಮಾಡುವುದು ಹೇಗೆಂಬುದು ಅವರಿಗೊಂದು ಪಾಠ; ಆ ಪಾಠ ಹೇಗೆ ಸಾಗುತ್ತಿದೆಯೆಂದು ನೋಡುವವರು ಅಧ್ಯಾಪಕರು. ಯಾರದೋ ಮುಕ್ಕಾಲು ಗಂಟೆಯ ಅಳಲಿಗೆ ಮೂರು ತಲೆಮಾರಿನ ಕಿವಿಗಳು.

ಈ ಪದ್ಧತಿ ದಿಢೀರನೆ ಬಂದದ್ದಲ್ಲ. ಸಮಾಲೋಚಕ ಹೊರಗೆ ಬಂದು ನೆನಪಿನಿಂದ ಬರೆದುಕೊಂಡ ಟಿಪ್ಪಣಿಯನ್ನೇ ಬಹುಕಾಲ ನಂಬಬೇಕಿತ್ತು. ನೆನಪಾದರೋ ಯಜಮಾನನ ಪರವಾಗಿಯೇ ಸಾಕ್ಷಿ ಹೇಳುವ ಆಳು. 1940ರ ಆಸುಪಾಸಿನಲ್ಲಿ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ಕಾರ್ಲ್ ರೋಜರ್ಸ್ ಸಂಭಾಷಣೆಗಳನ್ನು ಗ್ರಾಮಫೋನ್ ತಟ್ಟೆಗಳಿಗೆ ಇಳಿಸಿಕೊಂಡರು. ತಮ್ಮ 1942ರ ಪುಸ್ತಕದಲ್ಲಿ ಒಬ್ಬ ವ್ಯಕ್ತಿಯೊಡನೆ ನಡೆದ ಎಂಟು ಭೇಟಿಗಳನ್ನು ಮಾತಿಗೆ ಮಾತು ಅಚ್ಚು ಹಾಕಿಸಿದರು. ತಾನು ಕೇಳಿಸಿಕೊಳ್ಳುತ್ತಿದ್ದೇನೆಂದು ನಂಬಿದವನು ಎಷ್ಟು ಮಾತಾಡಿದ್ದಾನೆ ಎಂಬುದು ತಟ್ಟೆ ತಿರುಗಿದಾಗ ತಾನೇ ಹೊರಬೀಳುತ್ತದೆ. 1960ರ ದಶಕದಲ್ಲಿ ಮಿಶಿಗನ್ ಸ್ಟೇಟ್ ವಿಶ್ವವಿದ್ಯಾಲಯದ ನಾರ್ಮನ್ ಕಾಗನ್ ವಿಡಿಯೊ ತಂದರು. ಅವರ ಕ್ರಮದಲ್ಲಿ ಟೇಪು ನಿಲ್ಲಿಸುವ ಗುಂಡಿ ಕಲಿಯುವವನ ಕೈಯಲ್ಲೇ ಇರುತ್ತದೆ. ಪಕ್ಕದಲ್ಲಿ ಕೂತವರು ತಪ್ಪು ಎಣಿಸುವುದಿಲ್ಲ, ‘ಆ ಗಳಿಗೆಯಲ್ಲಿ ನಿಮಗೆ ಏನನ್ನಿಸುತ್ತಿತ್ತು’ ಎಂಬಂಥದ್ದನ್ನು ಮಾತ್ರ ಕೇಳುತ್ತಾರೆ.

ಇಷ್ಟೆಲ್ಲ ಬೇಕೇ ಎಂಬ ಆಕ್ಷೇಪಕ್ಕೆ ಗಟ್ಟಿಯಾದ ಆಧಾರವೇ ಇದೆ. 1979ರಲ್ಲಿ ವಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಸ್ಟ್ರಪ್ ಮತ್ತು ಹ್ಯಾಡ್ಲಿ ನೊಂದ ಕಾಲೇಜು ಹುಡುಗರಲ್ಲಿ ಕೆಲವರನ್ನು ನುರಿತ ಚಿಕಿತ್ಸಕರ ಬಳಿಗೆ, ಇನ್ನು ಕೆಲವರನ್ನು ತರಬೇತಿಯೇ ಇಲ್ಲದ, ಆದರೆ ಒಳ್ಳೆಯ ಮನಸ್ಸಿನ ಪ್ರಾಧ್ಯಾಪಕರ ಬಳಿಗೆ ಕಳಿಸಿದರು. ಸರಾಸರಿ ಲೆಕ್ಕದಲ್ಲಿ ಎರಡೂ ಗುಂಪು ಸಮಸಮ ಸುಧಾರಿಸಿದವು. ನಮ್ಮ ಮನೋವೈದ್ಯ ಡಾ. ಸಿ.ಆರ್. ಚಂದ್ರಶೇಖರ್ ಕೂಡ ಸಾಮಾನ್ಯ ಜನರಿಗೆ ತರಬೇತಿ ಕೊಟ್ಟು ಆಪ್ತಸಮಾಲೋಚನೆಗೆ ಹಚ್ಚಿದವರು. ಪದವಿಗಿಂತ ಅಂತಃಕರಣ ದೊಡ್ಡದೆಂಬ ವಾದವನ್ನು ಆದ್ದರಿಂದ ತಳ್ಳಿಹಾಕುವಂತಿಲ್ಲ. ಅನುಭವವೂ ಅಷ್ಟಾಗಿ ಕೈಹಿಡಿಯುವುದಿಲ್ಲ. 170 ಚಿಕಿತ್ಸಕರು ನೋಡಿದ 6,591 ಜನರ ದಾಖಲೆಗಳನ್ನು ಪರಿಶೀಲಿಸಿ 2016ರಲ್ಲಿ ಪ್ರಕಟವಾದ ಗೋಲ್ಡ್‌ಬರ್ಗ್ ಮತ್ತು ಸಂಗಡಿಗರ ಅಧ್ಯಯನದಲ್ಲಿ, ವರ್ಷ ಕಳೆದಂತೆ ಫಲಿತಾಂಶ ಸರಾಸರಿಯಲ್ಲಿ ತುಸು ಇಳಿದೇ ಇತ್ತು. ಆದರೆ ಅದೇ ವರ್ಷ ಅವರೇ ಹೊರತಂದ ಇನ್ನೊಂದು ಅಧ್ಯಯನವನ್ನು ಇದರ ಪಕ್ಕದಲ್ಲಿಟ್ಟು ಓದಬೇಕು. ಕೆನಡಾದ ಕ್ಯಾಲ್ಗರಿ ಕೌನ್ಸೆಲಿಂಗ್ ಸೆಂಟರಿನಲ್ಲಿ ಬಂದವರ ಸ್ಥಿತಿಯನ್ನು ಬಿಡದೆ ಅಳೆದು, ಆ ಲೆಕ್ಕವನ್ನು ಸಮಾಲೋಚಕರ ಮುಂದಿಟ್ಟು ಚರ್ಚಿಸುವ ವಾಡಿಕೆ. ಏಳು ವರ್ಷಗಳಲ್ಲಿ ಅಲ್ಲಿನ 153 ಚಿಕಿತ್ಸಕರು ಸರಾಸರಿಯಲ್ಲಿ ಮೇಲೇರಿದ್ದರು. ಪದವಿ, ವಯಸ್ಸು, ಒಳ್ಳೆಯತನ ಇವು ಒಂಟಿಯಾಗಿ ಸಾಲವು, ಕೆಲಸಕ್ಕೊಂದು ಕನ್ನಡಿ ಬೇಕು ಎಂದು ನಾನು ಇದನ್ನು ಓದಿಕೊಳ್ಳುತ್ತೇನೆ. ಆ ಕನ್ನಡಿಯನ್ನು ವಾರವಾರವೂ ಹಿಡಿಯಲು ಸಮಯವೂ ಹಸಿವೂ ಇರುವುದು ವಿಭಾಗದ ಹೊಸಬರಿಗೆ.

ನೊಂದವರ ಮೇಲೆ ಕಲಿಕೆಯ ಪ್ರಯೋಗವೇ, ಮೇಲೆ ಗುಟ್ಟಿಗೂ ಕುತ್ತೇ ಎಂದು ಕೇಳುವವರಿದ್ದಾರೆ. ಕ್ಯಾಮೆರಾ ಇರುವುದನ್ನು ಮೊದಲೇ ತಿಳಿಸಿ ಒಪ್ಪಿಗೆ ಪಡೆಯುವುದು ಅಲ್ಲಿ ಕಡ್ಡಾಯ. ಅದಕ್ಕೂ ಮಿಗಿಲಾಗಿ, ಯಕ್ಷಗಾನದ ಹುಡುಗ ಕೋಡಂಗಿ, ಬಾಲಗೋಪಾಲರ ವೇಷದಲ್ಲಿ ಪೂರ್ವರಂಗದಲ್ಲೇ ಹೆಜ್ಜೆ ಕಲಿತು ಮುಂದೆ ದೊಡ್ಡ ವೇಷ ಕಟ್ಟುತ್ತಾನೆ. ರಂಗಸ್ಥಳಕ್ಕೆ ಇಳಿಯದೆ ಕಲಿಯುವ ದಾರಿಯಿಲ್ಲ, ಭಾಗವತರ ಕಣ್ಣಂತೂ ಅವನ ಮೇಲೆ ಇದ್ದೇ ಇರುತ್ತದೆ. ಸಮಾಲೋಚಕನೂ ಎಂದಾದರೊಂದು ದಿನ ಮೊದಲ ವ್ಯಕ್ತಿಯನ್ನು ಕಾಣಲೇಬೇಕು. ಗಾಜಿನಾಚೆ ಯಾರಾದರೂ ಇರುವ ಕೋಣೆಯಲ್ಲಿ ಕಾಣಲಿ.

ಅಸಿಸ್ಟೆಂಟರೆಂದರೆ ಅಗ್ಗದ ಕೂಲಿ ಎಂಬ ಇನ್ನೊಂದು ದೂರಿಗೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ಸ್ಟೈಪೆಂಡ್ ಚಿಕ್ಕದು, ನೋವು ಕೇಳುವ ಕೆಲಸದ ದಣಿವು ಗಡಿಯಾರಕ್ಕೆ ಸಿಗುವಂಥದ್ದಲ್ಲ. ಒಬ್ಬ ಮೇಲ್ವಿಚಾರಕರಿಗೆ ಇಷ್ಟಕ್ಕಿಂತ ಹೆಚ್ಚು ಕಲಿಯುವವರಿರಬಾರದೆಂಬ ಮಿತಿಯನ್ನು ನಿಯಮಗಳಲ್ಲಿ ಬರೆದದ್ದು ಹೊರೆ ಅತಿಯಾಗದಿರಲೆಂದೇ. ಹೊಸ ಅಧ್ಯಾಪಕರ ವಿಷಯದಲ್ಲಿ ನನ್ನ ತಕರಾರು ಬೇರೆ. 2013ರ ಜುಲೈ ನಂತರ ಮುಖ್ಯ ಬೋಧಕರಾಗಿ ಸೇರುವವರು ಸಮಾಲೋಚಕರ ಶಿಕ್ಷಣದಲ್ಲೇ ಡಾಕ್ಟರೇಟ್ ಪಡೆದಿರಬೇಕೆಂಬ ನಿಯಮ ಬಂದಮೇಲೆ ಮನಶ್ಶಾಸ್ತ್ರದವರಿಗೆ ಆ ಬಾಗಿಲು ಬಹುಮಟ್ಟಿಗೆ ಮುಚ್ಚಿತು. ಕಸುಬಿಗೊಂದು ಗುರುತು ಸಿಕ್ಕಿತು, ನಿಜ. ಆದರೆ ಒಂದೇ ಮನೆಯಲ್ಲಿ ಬೆಳೆದವರು ಒಬ್ಬರನ್ನೊಬ್ಬರು ನೋಡುವಾಗ ಕೆಲವು ಕಲೆಗಳು ಯಾರ ಕಣ್ಣಿಗೂ ಬೀಳುವುದಿಲ್ಲ.

ಇತ್ತ ನಮ್ಮಲ್ಲಿ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮೇಲ್ವಿಚಾರಣೆಯಡಿ ಕಲಿಸುವ ಪರಂಪರೆ 1950ರ ದಶಕದಿಂದಲೂ ಇದೆ. ಆರೋಗ್ಯ ವೃತ್ತಿಗಳಿಗೆ ಸಂಬಂಧಿಸಿದ 2021ರ ಕೇಂದ್ರ ಕಾಯ್ದೆಯ ಪಟ್ಟಿಯಲ್ಲಿ ಕೌನ್ಸೆಲರ್‌ಗಳೂ ಸೇರಿದ್ದಾರೆ. ಕಾಲೇಜುಗಳಲ್ಲಿ ಮಾತ್ರ ಪಾಠದ ಹೊರೆಯ ಮೇಲೆ ‘ಕೌನ್ಸೆಲಿಂಗ್ ಸೆಲ್’ ಉಸ್ತುವಾರಿಯನ್ನೂ ಹೊತ್ತ ಉಪನ್ಯಾಸಕರು ಒಬ್ಬರೇ ಕೂತಿರುವುದೇ ಹೆಚ್ಚು. ಗಾಜಿನ ಗೋಡೆ ಕಟ್ಟಿಸಲು ಅನುದಾನ ಬರುವವರೆಗೆ ಕಾಯಬೇಕಿಲ್ಲ. ಅಕ್ಕಪಕ್ಕದ ಎರಡು ಮೂರು ಕಾಲೇಜುಗಳವರು ಹದಿನೈದು ದಿನಕ್ಕೊಮ್ಮೆ ಸೇರಿ, ವಿದ್ಯಾರ್ಥಿಯ ಒಪ್ಪಿಗೆ ಪಡೆದು, ಹೆಸರು ಮರೆಸಿದ ಒಂದು ಧ್ವನಿಮುದ್ರಿಕೆಯನ್ನು ಕೂಡಿ ಕೇಳಬಹುದು. ಮೊದಲ ಸರದಿ ಅವರಲ್ಲಿ ಹಿರಿಯರದ್ದಾಗಲಿ.