ಏಳು ತಂತಿಯ ಗಿಟಾರಿಗೆ ವೀಣೆಯ ಶ್ರುತಿ

ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳ ಅಡ್ಡರಸ್ತೆಗಳಲ್ಲಿ ಸಂಜೆಯ ಹೊತ್ತು ನಡೆದು ಹೋದರೆ ಎರಡು ಬಗೆಯ ನಾದ ಕಿವಿಗೆ ಬೀಳುವುದುಂಟು. ಒಂದು ಮನೆಯಲ್ಲಿ ಸರಳೆ ವರಸೆಯ ವೀಣಾಪಾಠ. ಎದುರು ಮನೆಯ ಮಹಡಿಯ ಕೋಣೆಯಲ್ಲಿ ಎಲೆಕ್ಟ್ರಿಕ್ ಗಿಟಾರಿನ ಗುಡುಗು. ಕೆಲವು ಕಡೆ ಇವೆರಡೂ ಒಂದೇ ಮನೆಯವು. ಅಜ್ಜಿಯ ವೀಣೆ ಗೋಡೆಯ ಬದಿಯಲ್ಲಿ ಹೊದಿಕೆಯೊಳಗೆ ಮಲಗಿದೆ. ಮೊಮ್ಮಗ ಏಳು ತಂತಿಯ ಗಿಟಾರನ್ನು ಕೊಂಡು ತಂದಿದ್ದಾನೆ. ಇಬ್ಬರೂ ಒಟ್ಟಿಗೆ ಕುಳಿತು ಒಂದು ಕೀರ್ತನೆಯನ್ನು ನುಡಿಸಲು ಹೊರಟರೆ ಐದು ನಿಮಿಷದಲ್ಲೇ ಬೇಸರ ಹುಟ್ಟುತ್ತದೆ. ‘ಗಿಟಾರಿನಲ್ಲಿ ರಾಗ ಬರುವುದಿಲ್ಲ’ ಎಂದು ಅಜ್ಜಿ, ‘ವೀಣೆ ಗಿಟಾರಿಗೆ ಹೊಂದುವುದಿಲ್ಲ’ ಎಂದು ಮೊಮ್ಮಗ. ದೋಷ ವಾದ್ಯಗಳಲ್ಲಿಲ್ಲ, ನುಡಿಸುವವರಲ್ಲೂ ಇಲ್ಲ. ಬಹುಪಾಲು ಅದು ಗಿಟಾರಿನ ಬಿಡಿತಂತಿಗಳನ್ನು ಶ್ರುತಿಗೊಳಿಸಿರುವ ಕ್ರಮದಲ್ಲಿದೆ. ಆ ಕ್ರಮವನ್ನು ಬದಲಿಸಲು ಖರ್ಚೂ ಹೆಚ್ಚಿಲ್ಲ, ಸಮಯವೂ ಹೆಚ್ಚು ಬೇಡ.

ಹೆಚ್ಚುವರಿ ತಂತಿ ಏಕೆ?

ಸಾಮಾನ್ಯ ಗಿಟಾರಿಗೆ ಆರು ತಂತಿ. ಏಳನೆಯದು ಹೊಸ ಸಂಗತಿಯೇನಲ್ಲ. 19ನೇ ಶತಮಾನದ ರಷ್ಯದಲ್ಲಿ ಏಳು ತಂತಿಯ ಗಿಟಾರೇ ಜನಪ್ರಿಯವಾಗಿತ್ತು. ಅಮೆರಿಕದ ಜಾಝ್ ವಾದಕ ಜಾರ್ಜ್ ವ್ಯಾನ್ ಎಪ್ಸ್ 1930ರ ದಶಕದಲ್ಲಿ ಕೆಳಗಿನ ಎ ಸ್ವರಕ್ಕಾಗಿ ಒಂದು ತಂತಿಯನ್ನು ಸೇರಿಸಿಕೊಂಡರು. 1990ರಲ್ಲಿ ಸ್ಟೀವ್ ವೈ ಅವರಿಗಾಗಿ ಐಬಾನೆಜ್ ಸಂಸ್ಥೆ ಹೊರತಂದ ಮಾದರಿಯಿಂದ ಏಳು ತಂತಿಯ ಎಲೆಕ್ಟ್ರಿಕ್ ಗಿಟಾರು ರಾಕ್ ಸಂಗೀತಕ್ಕೆ ಕಾಲಿಟ್ಟಿತು. ಮೆಟಲ್ ಸಂಗೀತಕ್ಕೆ ಮನಸೋತ ಬೆಂಗಳೂರಿನ ಯುವಕರ ಕೈಗೂ ಅದು ಬಂದಿತು.

ತಂತಿ ಸೇರಿಸುವ ಸಾಹಸ ನಮ್ಮವರಿಗೂ ಹೊಸದಲ್ಲ. ತಿರುಮಕೂಡಲು ಚೌಡಯ್ಯನವರು (1895–1967) ನಾಲ್ಕು ತಂತಿಯ ಪಿಟೀಲಿಗೆ ಇನ್ನೂ ಮೂರನ್ನು ಸೇರಿಸಿ ಏಳು ಮಾಡಿದರು. ರಾಜಾಜಿನಗರಕ್ಕೆ ಅನತಿ ದೂರದಲ್ಲಿರುವ, ಪಿಟೀಲಿನ ಆಕಾರದ ಚೌಡಯ್ಯ ಸ್ಮಾರಕ ಭವನ ಇಂದಿಗೂ ಅದನ್ನು ನೆನಪಿಸುತ್ತದೆ. ಅವರ ಉದ್ದೇಶ ಸ್ಪಷ್ಟವಾಗಿತ್ತು: ಧ್ವನಿವರ್ಧಕ ಇನ್ನೂ ಬಳಕೆಗೆ ಬಾರದಿದ್ದ ದಿನಗಳಲ್ಲಿ ಸಭೆಯ ಕೊನೆಯ ಸಾಲಿಗೂ ನಾದ ಮುಟ್ಟಬೇಕು. ಏಳನೆಯ ತಂತಿಯನ್ನು ಕೊಂಡವರೂ ಇದೇ ಪ್ರಶ್ನೆಯನ್ನು ಕೇಳಿಕೊಳ್ಳಬೇಕು: ಈ ತಂತಿ ನನಗೆ ಏತಕ್ಕಾಗಿ?

ವೀಣೆಯ ಲೆಕ್ಕ

ಸರಸ್ವತಿ ವೀಣೆಯೂ ಏಳು ತಂತಿಯ ವಾದ್ಯವೇ. ಮೆಟ್ಟಿಲುಗಳ ಮೇಲೆ ನಾಲ್ಕು ತಂತಿಗಳು ಹಾಯುತ್ತವೆ. ಸಾರಣಿ ಮಧ್ಯಸ್ಥಾಯಿಯ ಷಡ್ಜಕ್ಕೆ, ಪಂಚಮ ಅದರ ಕೆಳಗಿನ ಪಂಚಮಕ್ಕೆ, ಮಂದ್ರ ಇನ್ನೂ ಕೆಳಗಿನ ಷಡ್ಜಕ್ಕೆ, ಅನುಮಂದ್ರ ಅದಕ್ಕೂ ಕೆಳಗಿನ ಪಂಚಮಕ್ಕೆ. ಪಕ್ಕದಲ್ಲಿ ಮೂರು ತಾಳದ ತಂತಿಗಳು. ಅವು ಮಧ್ಯಷಡ್ಜ, ಪಂಚಮ, ತಾರಷಡ್ಜಗಳನ್ನು ನುಡಿಯುತ್ತವೆ. ಹೀಗೆ ಏಳೂ ತಂತಿಗಳು ಷಡ್ಜ, ಪಂಚಮಗಳೆಂಬ ಎರಡೇ ಸ್ವರಗಳನ್ನು ಆಶ್ರಯಿಸಿವೆ. ಯಾವ ತಂತಿಯನ್ನು ಮೀಟಿದರೂ ಉಳಿದವು ಅನುರಣಿಸುತ್ತವೆ.

ಏಳು ತಂತಿಯ ಗಿಟಾರಿನ ರೂಢಿಯ ಶ್ರುತಿ ಬೇರೆ. ಕೆಳಗಿನಿಂದ ಮೇಲಕ್ಕೆ ಅದು ಬಿ, ಇ, ಎ, ಡಿ, ಜಿ, ಬಿ, ಇ. ಒಂದರಿಂದ ಇನ್ನೊಂದಕ್ಕೆ ಷಡ್ಜ–ಮಧ್ಯಮದ ಅಂತರ; ಜಿ ಮತ್ತು ಬಿ ತಂತಿಗಳ ನಡುವೆ ಮಾತ್ರ ಷಡ್ಜ–ಗಾಂಧಾರದ ಅಂತರ. ಸ್ವರಮೇಳಗಳನ್ನು, ಅಂದರೆ ಕಾರ್ಡ್‌ಗಳನ್ನು, ಕೈಯನ್ನು ಹೆಚ್ಚು ಚಾಚದೆ ಹಿಡಿಯಲು ಈ ವ್ಯವಸ್ಥೆ ಅನುಕೂಲ. ಆದರೆ ಡಿ ಸ್ವರವನ್ನು ಷಡ್ಜವೆಂದು ಇಟ್ಟುಕೊಂಡರೆ ಬಿಡಿತಂತಿಗಳು ಧೈವತ, ರಿಷಭ, ಪಂಚಮ, ಷಡ್ಜ, ಮಧ್ಯಮ, ಧೈವತ, ರಿಷಭ ಎಂದು ನುಡಿಯುತ್ತವೆ. ವೀಣೆಯ ಪಕ್ಕದಲ್ಲಿ ಇದು ಕಲಸುಮೇಲೋಗರವೆನಿಸುವುದು ಸಹಜ.

ನಾಲ್ಕೇ ಬಿರಡೆಗಳ ಕೆಲಸ

ಈಗ ಎರಡೂ ಬಿ ತಂತಿಗಳನ್ನು ಎ ಸ್ವರಕ್ಕೆ, ಎರಡೂ ಇ ತಂತಿಗಳನ್ನು ಡಿ ಸ್ವರಕ್ಕೆ ಇಳಿಸಿ. ನಾಲ್ಕೂ ತಂತಿಗಳು ಇಳಿಯುವುದು ಎರಡೆರಡು ಫ್ರೆಟ್‌ನಷ್ಟು ಮಾತ್ರ. ನಡುವಿನ ಎ, ಡಿ, ಜಿ ತಂತಿಗಳನ್ನು ಮುಟ್ಟಬೇಕಾಗಿಲ್ಲ. ಫಲಿತಾಂಶ: ಎ, ಡಿ, ಎ, ಡಿ, ಜಿ, ಎ, ಡಿ. ನಮ್ಮ ಭಾಷೆಯಲ್ಲಿ ಪ, ಸ, ಪ, ಸ, ಮ, ಪ, ಸ.

ಕೆಳಗಿನ ನಾಲ್ಕು ತಂತಿಗಳನ್ನು ಗಮನಿಸಿ. ಅವುಗಳ ಕಂಪನಾಂಕ ಸುಮಾರು 55, 73, 110, 147 ಹರ್ಟ್ಸ್. ಡಿ ಶ್ರುತಿಯ ವೀಣೆಯ ಅನುಮಂದ್ರ, ಮಂದ್ರ, ಪಂಚಮ, ಸಾರಣಿಗಳು ನುಡಿಯುವುದೂ ಇಲ್ಲೇ. ಮೇಲಿನ ಎರಡು ತಂತಿಗಳು ತಾಳದ ತಂತಿಗಳ ಪಂಚಮ ಮತ್ತು ತಾರಷಡ್ಜ. ವ್ಯತ್ಯಾಸ ಒಂದೇ: ಪಕ್ಕಸಾರಣಿಯ ಜಾಗದಲ್ಲಿ ಇಲ್ಲಿ ಶುದ್ಧ ಮಧ್ಯಮವಿದೆ. ಆರು ತಂತಿಯ ಗಿಟಾರಿನಲ್ಲಿ ಇದೇ ಬಗೆಯ ಡಿ-ಎ-ಡಿ-ಜಿ-ಎ-ಡಿ ಶ್ರುತಿಯನ್ನು 1960ರ ದಶಕದ ಆರಂಭದಲ್ಲಿ ಪ್ರಚಾರಕ್ಕೆ ತಂದವರು ಬ್ರಿಟನ್ನಿನ ಡೇವಿ ಗ್ರಹಾಂ. ಆದರೆ ಆರು ತಂತಿಯಲ್ಲಿ ಅನುಮಂದ್ರ ಪಂಚಮ ಸಿಗುವುದಿಲ್ಲ. ಏಳನೆಯ ತಂತಿಯ ಪ್ರಯೋಜನ ಕಾಣುವುದೇ ಇಲ್ಲಿ.

ವೀಣೆ ಇ ಶ್ರುತಿಯಲ್ಲಿದ್ದರೆ ಎರಡನೆಯ ಫ್ರೆಟ್ಟಿಗೆ ಏಳು ತಂತಿಗೂ ತಲುಪುವ ಕ್ಯಾಪೊ ಹಾಕಿದರಾಯಿತು. ಜಿ ಶ್ರುತಿಯಲ್ಲಿ ಹಾಡುವವರಿಗೆ ಜೊತೆ ನೀಡುವಾಗ ಇದೇ ತಂತಿಗಳು ಪಂಚಮ, ಷಡ್ಜ, ರಿಷಭಗಳಾಗಿ ಒದಗುತ್ತವೆ.

ಬಿಗಿ ಮತ್ತು ದಪ್ಪ

ತಂತಿಯನ್ನು ಇಳಿಸುವುದಕ್ಕೂ ಒಂದು ಬೆಲೆಯಿದೆ. ತಂತಿಯ ಬಿಗಿತ ಅದರ ಕಂಪನಾಂಕದ ವರ್ಗವನ್ನು ಅನುಸರಿಸುತ್ತದೆ. ಎರಡು ಫ್ರೆಟ್‌ನಷ್ಟು ಇಳಿಸಿದರೆ ಕಂಪನಾಂಕ ಶೇ 11ರಷ್ಟು, ಬಿಗಿತ ಶೇ 20ಕ್ಕೂ ತುಸು ಹೆಚ್ಚು ಕುಸಿಯುತ್ತದೆ. ಸಡಿಲಗೊಂಡ ತಂತಿ ಫ್ರೆಟ್ಟಿಗೆ ತಾಗಿ ಝರಝರ ಸದ್ದು ಮಾಡಬಹುದು. ಬಲವಾಗಿ ಒತ್ತಿದರೆ ಸ್ವರ ಏರಿಬಿಡಬಹುದು. ಪರಿಹಾರ ಸರಳ. ಇಳಿಸುವ ನಾಲ್ಕು ತಂತಿಗಳನ್ನು ಶೇ 12ರಷ್ಟು ದಪ್ಪಗಿನವುಗಳಿಗೆ ಬದಲಿಸಿದರೆ ಬಿಗಿತ ಹೆಚ್ಚುಕಡಿಮೆ ಮೊದಲಿನಂತಾಗುತ್ತದೆ. 0.010 ಇಂಚಿನ ತಂತಿಯ ಬದಲಿಗೆ 0.011, 0.046ರ ಬದಲಿಗೆ 0.052, 0.056ರ ಬದಲಿಗೆ 0.062 ಅಥವಾ 0.064 ಸಾಕು. ದಪ್ಪ ತಂತಿ ಕೂರದಿದ್ದರೆ ಕತ್ತಿನ ತುದಿಯ ಪಟ್ಟಿಯಲ್ಲಿನ ಗಾಡಿಯನ್ನು ತುಸು ಅಗಲಿಸಬೇಕು. ಇದನ್ನು ಅನುಭವಿ ರಿಪೇರಿಯವರ ಕೈಯಲ್ಲೇ ಮಾಡಿಸುವುದು ಕ್ಷೇಮ.

ವೀಣೆಯನ್ನು ಯಥಾವತ್ತಾಗಿ ಅನುಕರಿಸುವ ಹುರುಪಿನಲ್ಲಿ ತಂತಿಗಳನ್ನು ಮೇಲಕ್ಕೆ ಏರಿಸುವುದು ಸರಿಯಲ್ಲ. ಬಿ ತಂತಿಯನ್ನು ಡಿ ಸ್ವರಕ್ಕೆ ಏರಿಸಿದರೆ ಬಿಗಿತ ಶೇ 41ರಷ್ಟು ಹೆಚ್ಚುತ್ತದೆ. ಬೆರಳಿಗೆ ನೋವು, ಗಿಟಾರಿನ ಕತ್ತಿಗೆ ಹೊರೆ. ತುಕ್ಕು ಹಿಡಿದ ತಂತಿಯಾದರೆ ಕಡಿಯುವ ಭಯ ಬೇರೆ. ಸ್ಪ್ರಿಂಗಿನ ಮೇಲೆ ತೇಲುವ ಕುದುರೆಯಿರುವ ಗಿಟಾರುಗಳಲ್ಲಿ ಒಂದು ತಂತಿಯನ್ನು ಬದಲಿಸಿದರೆ ಉಳಿದವೂ ಅಲುಗುವುದರಿಂದ ಪ್ರಯೋಗಕ್ಕೆ ಸ್ಥಿರ ಕುದುರೆಯ ವಾದ್ಯವೇ ಲೇಸು.

ಸಿಗುವುದೇನು, ಕೈತಪ್ಪುವುದೇನು?

ಮೊದಲ ಲಾಭ ಬೆರಳಿಗೆ. ಮೂರು ತಂತಿಗಳು ಷಡ್ಜಕ್ಕಿರುವುದರಿಂದ ಹಂಸಧ್ವನಿಯನ್ನು ಒಂದು ತಂತಿಯ ಮೇಲೆ 0, 2, 4, 7, 11, 12ನೇ ಫ್ರೆಟ್‌ಗಳಲ್ಲಿ ಕಲಿತರೆ ಉಳಿದ ಎರಡು ಸ್ಥಾಯಿಗಳಲ್ಲೂ ಅದೇ ಜಾಗ. ಇದು ವೀಣೆಯವರು ಕಲಿಯುವ ಕ್ರಮವೇ. ಗಿಟಾರು 24 ಫ್ರೆಟ್‌ಗಳದ್ದಾದರೆ ಒಟ್ಟು ವ್ಯಾಪ್ತಿ ನಾಲ್ಕು ಸ್ಥಾಯಿಗಳಿಗೂ ಹೆಚ್ಚು. 24 ಮೆಟ್ಟಿಲಿನ ವೀಣೆಗಿಂತ ಒಂದು ಸ್ಥಾಯಿ ಅಧಿಕ.

ಎರಡನೆಯ ಲಾಭ ಕಿವಿಗೆ. ಫ್ರೆಟ್‌ಗಳು ಸ್ಥಾಯಿಯನ್ನು 12 ಸಮಭಾಗಗಳಾಗಿ ಹಂಚುತ್ತವೆ. ಸ್ಥಾಯಿಯನ್ನು 1200 ಸೆಂಟ್ ಎಂದು ಎಣಿಸಿದರೆ ಫ್ರೆಟ್ಟಿನ ಪಂಚಮ 700, ತಂಬೂರಿಯ ಶುದ್ಧ ಪಂಚಮ 702. ಈ ಅಂತರ ಅತ್ಯಲ್ಪ. ಅಂತರ ಗಾಂಧಾರದಲ್ಲಿ ಹಾಗಲ್ಲ. ಫ್ರೆಟ್ಟಿನದು 400, ತಂಬೂರಿಯ ನಾದದಲ್ಲಿ ಹುಟ್ಟುವ ಗಾಂಧಾರ 386. ಷಡ್ಜದ ಅನುರಣನ ನಿರಂತರವಾಗಿರುವಾಗ ಈ 14 ಸೆಂಟ್‌ಗಳ ಏರು ತಿಳಿದ ಕಿವಿಗೆ ಚುಚ್ಚುತ್ತದೆ. ಜಿ ತಂತಿಯನ್ನು ಒಂದು ಫ್ರೆಟ್‌ನಷ್ಟು ಇಳಿಸಿ ಗಾಂಧಾರಕ್ಕೆ ತಂದರೆ ಬಿಡಿತಂತಿಯನ್ನು ಕಿವಿಯಿಂದಲೇ ಶುದ್ಧಗೊಳಿಸಬಹುದು. ಶುದ್ಧ ಮಧ್ಯಮ ವರ್ಜ್ಯವಾದ ಮೋಹನ, ಹಂಸಧ್ವನಿ, ಕಲ್ಯಾಣಿಗಳಿಗೆ ಈ ಬದಲಾವಣೆ ಹೇಳಿ ಮಾಡಿಸಿದಂತಿದೆ. ಪಂಚಮವೇ ಇಲ್ಲದ ಹಿಂದೋಳ, ಶ್ರೀರಂಜನಿಗಳಲ್ಲಿ ಮಾತ್ರ ಪಂಚಮದ ತಂತಿಗಳನ್ನು ಅಂಗೈಯಿಂದ ಅಡಗಿಸಿಡಬೇಕು.

ಇನ್ನು ನಷ್ಟದ ಮಾತು. ವರ್ಷಗಟ್ಟಲೆ ರೂಢಿಸಿಕೊಂಡ ಕಾರ್ಡ್‌ಗಳ ಹಿಡಿತ ನಾಲ್ಕು ತಂತಿಗಳ ಮಟ್ಟಿಗೆ ಕೆಡುತ್ತದೆ. ಚಿತ್ರಗೀತೆಗೆ ಪಕ್ಕವಾದ್ಯ ನುಡಿಸುತ್ತ ಹಾಡಿನಿಂದ ಹಾಡಿಗೆ ಶ್ರುತಿ ಬದಲಿಸಬೇಕಾದವರಿಗೆ ರೂಢಿಯ ಕ್ರಮವೇ ಸೂಕ್ತ. ಗಿಟಾರಿನ ಫ್ರೆಟ್‌ಗಳು ತಗ್ಗಾಗಿರುವುದರಿಂದ ವೀಣೆಯಷ್ಟು ದೂರ ತಂತಿಯನ್ನು ಎಳೆಯಲೂ ಆಗದು. ಗಮಕಗಳಿಗೆ ಜಾರುವಿಕೆಯನ್ನೇ ಹೆಚ್ಚು ನೆಚ್ಚಬೇಕಾಗುತ್ತದೆ. ಆದರೆ ಮೀಟಿನ ಸ್ಪಷ್ಟತೆಗೆ ಹೆಸರಾದ ಬಾನಿ ನಮ್ಮ ಮೈಸೂರಿನದು. ವೀಣೆ ಶೇಷಣ್ಣನವರಿಂದ (1852–1926) ವಿ. ದೊರೆಸ್ವಾಮಿ ಅಯ್ಯಂಗಾರರವರೆಗೆ (1920–1997) ಹರಿದು ಬಂದ ಆ ಪರಂಪರೆಯ ಧ್ವನಿಮುದ್ರಿಕೆಗಳನ್ನು ಕೇಳಿದರೆ ಗಿಟಾರು ನುಡಿಸುವವರು ಎಲ್ಲಿಂದ ಆರಂಭಿಸಬಹುದೆಂಬುದು ತಿಳಿಯುತ್ತದೆ.

ಆರಂಭ ಹೀಗಿರಲಿ

55 ಹರ್ಟ್ಸ್‌ನ ನಾದವನ್ನು ಚಿಕ್ಕ ಆಂಪ್ಲಿಫೈಯರ್ ಪೂರ್ಣವಾಗಿ ಹೊರಡಿಸಲಾರದು. ದೊಡ್ಡದು ಹೊರಡಿಸಿದರೆ ಅದು ಪಕ್ಕದ ಮನೆಯ ಗೋಡೆಯನ್ನೂ ದಾಟುತ್ತದೆ. ಒತ್ತೊತ್ತಾಗಿ ಮನೆಗಳಿರುವ ಬಡಾವಣೆಗಳಲ್ಲಿ ರಾತ್ರಿಯ ಅಭ್ಯಾಸಕ್ಕೆ ಹೆಡ್‌ಫೋನ್ ಒಳ್ಳೆಯದು.

ಶ್ರುತಿ ಮಾಡುವಾಗ ಮೊದಲು ಟ್ಯೂನರ್ ಯಂತ್ರದಿಂದ ಹತ್ತಿರಕ್ಕೆ ತನ್ನಿ. ಅನಂತರ ಅದನ್ನು ಬದಿಗಿಟ್ಟು ತಂಬೂರಿಯನ್ನು ಹಾಕಿಕೊಳ್ಳಿ. ನಡುವಿನ ಡಿ ತಂತಿಯನ್ನು ಷಡ್ಜಕ್ಕೆ ಸೇರಿಸಿ, ಆಮೇಲೆ ಮೇಲಿನ ಮತ್ತು ಕೆಳಗಿನ ಷಡ್ಜಗಳು, ಕೊನೆಗೆ ಪಂಚಮಗಳು. ಎರಡು ತಂತಿಗಳನ್ನು ಒಟ್ಟಿಗೆ ಮೀಟಿದಾಗ ನಾದದಲ್ಲಿ ಅಲೆಯಂತೆ ಏರಿಳಿತ ಕೇಳಿಸಿದರೆ ಇನ್ನೂ ಹೊಂದಿಲ್ಲವೆಂದು ಅರ್ಥ. ಬಿರಡೆಯನ್ನು ನಿಧಾನವಾಗಿ ತಿರುಗಿಸಿದಂತೆ ಅಲೆ ಹಿಗ್ಗಿ, ಒಂದು ಕ್ಷಣದಲ್ಲಿ ನಿಂತುಬಿಡುತ್ತದೆ. ಆ ಕ್ಷಣವನ್ನು ಗುರುತಿಸುವುದರಲ್ಲಿ ಮೊಮ್ಮಗನಿಗಿಂತ ಅಜ್ಜಿಯ ಕಿವಿ ಪಳಗಿರುತ್ತದೆ. ಮೊದಲ ಸಲ ಅವರನ್ನೇ ಪಕ್ಕದಲ್ಲಿ ಕೂರಿಸಿಕೊಳ್ಳುವುದು ಒಳ್ಳೆಯದು. ವೀಣೆಯ ಹೊದಿಕೆ ತೆಗೆಯಲು ಅದಕ್ಕಿಂತ ಒಳ್ಳೆಯ ನೆಪವೂ ಇನ್ನೊಂದಿಲ್ಲ.