ನಿಮಗಿದು ಗೊತ್ತೇ? ಕಾಲ್ಬೆರಳಿಗೆ ಚುಚ್ಚುವ ಉಗುರು

● ಉಗುರು ಒಳಗೆ ಬೆಳೆಯುವ ಕಾಟ ಹೆಚ್ಚಾಗಿ ಕಾಲಿನ ಹೆಬ್ಬೆರಳಿಗೇ. ಉಗುರಿನ ಅಂಚು ಪಕ್ಕದ ಚರ್ಮವನ್ನು ಚುಚ್ಚಿಕೊಂಡು ಇಳಿದಾಗ ಬೆರಳು ಕೆಂಪಾಗಿ ಊದುತ್ತದೆ. ರಾತ್ರಿ ಹೊದಿಕೆ ಸೋಕಿದರೂ ಜೀವ ಹೋದಂತಾಗುತ್ತದೆ.

● ತೊಂದರೆ ಎಷ್ಟೋ ಸಲ ಶುರುವಾಗುವುದು ನೇಲ್ ಕಟರ್‌ನಿಂದಲೇ. ಮೂಲೆಯನ್ನು ಆಳವಾಗಿ, ಗುಂಡಗೆ ಕತ್ತರಿಸಿದಾಗ ಅಂಚಿನಲ್ಲಿ ಕಣ್ಣಿಗೆ ಬೀಳದ ಚೂಪು ಸಿಬಿರೊಂದು ಉಳಿದುಬಿಡುತ್ತದೆ. ಉಗುರು ಬೆಳೆದಂತೆ ಅದು ಮಾಂಸಕ್ಕೆ ನಾಟುತ್ತದೆ. ಬಿಗಿಯಾದ ಶೂ, ಬೆವರು, ಎಡವಿದ ಪೆಟ್ಟು ಇದಕ್ಕೆ ಜೊತೆಗೂಡುತ್ತವೆ.

● ಉಗುರಿನ ತುದಿಯ ನಡುವೆ ಕಚ್ಚು ಮಾಡಿದರೆ ಅಂಚುಗಳು ಮಾಂಸ ಬಿಟ್ಟು ನಡುವಿನ ಕಡೆಗೆ ಸರಿಯುತ್ತವೆ ಎಂಬುದು ಬರೀ ನಂಬಿಕೆ. ಉಗುರು ಬೆಳೆಯುವುದು ಬುಡದಿಂದ. ತುದಿಯಲ್ಲಿ ಏನು ಮಾಡಿದರೂ ಬುಡಕ್ಕೆ ತಿಳಿಯದು.

● ಉಗುರುಸುತ್ತಿಗೆ ಬೆರಳಿಗೆ ನಿಂಬೆಹಣ್ಣು ತೊಡಿಸುವುದು ನಮ್ಮ ಮನೆಗಳ ಹಳೆಯ ರೂಢಿ. ಇಲ್ಲಿ ಅದು ನಡೆಯದು. ಚುಚ್ಚಿಕೊಂಡ ಉಗುರು ಅಲ್ಲೇ ಇರುವ ತನಕ ಆಂಟಿಬಯೋಟಿಕ್ ಮಾತ್ರೆಯೊಂದರಿಂದಲೂ ಪೂರ್ತಿ ವಾಸಿಯಾಗುವುದು ಕಷ್ಟ.

● ಆರಂಭದಲ್ಲೇ ಎಚ್ಚೆತ್ತರೆ ಮನೆಮದ್ದು ಸಾಕು. ದಿನಕ್ಕೆ ಎರಡು ಮೂರು ಬಾರಿ ಉಗುರುಬೆಚ್ಚಗಿನ ನೀರಿನಲ್ಲಿ 10ರಿಂದ 20 ನಿಮಿಷ ಕಾಲಿಟ್ಟು ಚೆನ್ನಾಗಿ ಒರೆಸಿ. ಮೆತ್ತಗಾದ ಮೂಲೆಯಡಿ ಹತ್ತಿಯ ಸಣ್ಣ ಎಳೆಯನ್ನು ಸೇರಿಸಿ, ದಿನವೂ ಬದಲಿಸಿ.

● ಸಕ್ಕರೆ ಕಾಯಿಲೆಯವರಿಗೆ ಈ ಮನೆಮದ್ದೂ ಬೇಡ. ಪಾದದ ಸ್ಪರ್ಶಜ್ಞಾನ, ರಕ್ತಸಂಚಾರ ಕುಗ್ಗಿದ್ದರೆ ಸಣ್ಣ ಗಾಯವೂ ದೊಡ್ಡದಾಗಬಹುದು. ನೇರ ವೈದ್ಯರ ಬಳಿಗೆ ಹೋಗಿ.

● ಮನೆಮದ್ದಿಗೆ ಬಗ್ಗದಾಗ ಮಾಡುವ ಆಪರೇಷನ್ ಎಂದರೆ ಇಡೀ ಉಗುರು ಕಿತ್ತು ಹಾಕುವುದಲ್ಲ. ಬೆರಳಿನ ಬುಡದ ಎರಡೂ ಬದಿಗೆ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ಉಗುರನ್ನು ಉದ್ದಕ್ಕೆ ಸೀಳಿ, ಚುಚ್ಚಿದ ಅಂಚಿನ ಪಟ್ಟಿಯನ್ನಷ್ಟೇ ಬುಡಸಮೇತ ಎಳೆದು ತೆಗೆಯುತ್ತಾರೆ. ಇಂಜೆಕ್ಷನ್ನಿನ ಉರಿಯೇ ಹೆಚ್ಚು. ಆಮೇಲೆ ಅದುಮಿದ ಅನುಭವವಷ್ಟೇ.

● ಆ ಅಂಚು ಮತ್ತೆ ಬೆಳೆಯದಂತೆ ಬುಡಕ್ಕೆ ಫೀನಾಲ್ ಹಚ್ಚುವುದುಂಟು. 1865ರಲ್ಲಿ ಗ್ಲಾಸ್ಗೋದಲ್ಲಿ ಜೋಸೆಫ್ ಲಿಸ್ಟರ್, ಗಾಡಿ ಹರಿದು ಕಾಲು ಮುರಿದ 11 ವರ್ಷದ ಹುಡುಗನ ಗಾಯ ಕೊಳೆಯದಂತೆ ಬಳಸಿದ ಕಾರ್ಬಾಲಿಕ್ ಆಮ್ಲವೇ ಇದು.

● ರಕ್ತ ಬೆರೆತರೆ ಫೀನಾಲಿನ ಕಸುವು ಇಳಿಯುತ್ತದೆ. ಹಾಗಾಗಿ ಬೆರಳ ಬುಡಕ್ಕೆ ರಬ್ಬರ್ ಪಟ್ಟಿ ಬಿಗಿದು ರಕ್ತ ತಡೆಯುತ್ತಾರೆ. ಕೆಲಸ ಮುಗಿದೊಡನೆ ಅದನ್ನು ಬಿಚ್ಚಲೇಬೇಕು.

● 1959ರಲ್ಲಿ ವ್ಯಾಂಡೆನ್‌ಬಾಸ್ ಮತ್ತು ಬೋವರ್ಸ್ ಎಂಬ ವೈದ್ಯರು ವಾದವನ್ನೇ ತಿರುಗಿಸಿದರು: ತಪ್ಪು ಉಗುರಿನದಲ್ಲ, ಅದರ ಮೇಲೆ ಉಬ್ಬಿ ಬಂದ ಚರ್ಮದ್ದು! ಅವರ ವಿಧಾನದಲ್ಲಿ ಉಗುರನ್ನು ಮುಟ್ಟದೆ ಪಕ್ಕದ ಚರ್ಮವನ್ನು ಕತ್ತರಿಸಿ ತೆಗೆಯುತ್ತಾರೆ.

● ಆಪರೇಷನ್ ಆದ ಮೊದಲ ಒಂದೆರಡು ದಿನ ಕಾಲನ್ನು ದಿಂಬಿನ ಮೇಲೆ ಎತ್ತಿಡಿ. ಡ್ರೆಸಿಂಗ್ ಅಂಟಿಕೊಂಡಿದ್ದರೆ ಕೀಳದೆ ನೀರಲ್ಲಿ ನೆನೆಸಿ ಬಿಡಿಸಿ. ಬೆರಳು ಮುಚ್ಚದ ಚಪ್ಪಲಿಯೇ ಲೇಸು.

● ಫೀನಾಲ್ ಹಚ್ಚಿದ ಗಾಯದಿಂದ ಎರಡು ಮೂರು ವಾರ ತೆಳು ನೀರು ಒಸರುವುದು ಸಹಜ. ಆದರೆ ನೋವು ದಿನೇದಿನೇ ಏರಿದರೆ, ಕೆಂಪು ಹರಡಿದರೆ, ಜ್ವರ ಬಂದರೆ ತಡಮಾಡಬೇಡಿ.

● ಕಾಲಿನ ಉಗುರು ತಿಂಗಳಿಗೆ ಬೆಳೆಯುವುದು ಸುಮಾರು ಒಂದೂವರೆ ಮಿ.ಮೀ. ಮಾತ್ರ, ಕೈ ಉಗುರಿನ ಅರ್ಧದಷ್ಟೂ ಇಲ್ಲ. ಹೆಬ್ಬೆರಳಿನ ಇಡೀ ಉಗುರು ಹೊಸದಾಗಿ ಬರಲು 12ರಿಂದ 18 ತಿಂಗಳು ಬೇಕು.

● ಮತ್ತೆ ಈ ಕಾಟ ಬೇಡವೆಂದರೆ ಉಗುರನ್ನು ನೇರಕ್ಕೆ ಕತ್ತರಿಸಿ, ಮೂಲೆಗಳನ್ನು ಚರ್ಮದಿಂದ ಹೊರಗೆ ಕಾಣುವಂತೆ ಬಿಡಿ. ಕತ್ತರಿಸುವುದು ಸ್ನಾನದ ನಂತರವಾದರೆ ಉಗುರು ಮೆತ್ತಗಿದ್ದು ಸಿಬಿರು ಏಳುವುದೂ ಕಡಿಮೆ.