ತಗ್ಗು ದನಿಯ ವಿದ್ಯೆ

ಸಂಗೀತ ಸಭೆಯಲ್ಲಿ ಗಾಯಕರು ತಾರಸ್ಥಾಯಿಯನ್ನು ಮುಟ್ಟಿದಾಗ ಕೇಳುವವರೆಲ್ಲ ತಲೆದೂಗುತ್ತಾರೆ. ಮಂದ್ರಕ್ಕಿಳಿದಾಗ ಬಲ್ಲವರು ಕೆಲವರು ಮಾತ್ರ ಕಣ್ಣು ಮುಚ್ಚಿ ಕೂರುತ್ತಾರೆ. ಮನೆಗೆ ತಳಹದಿಯಿದ್ದಂತೆ ನಾದಕ್ಕೂ ಒಂದು ತಳವುಂಟು. ಇರುವಷ್ಟು ಕಾಲ ಅದರ ಕಡೆ ಯಾರ ಲಕ್ಷ್ಯವೂ ಹೋಗುವುದಿಲ್ಲ. ಇಲ್ಲವಾದಾಗ ಅದರ ಬೆಲೆ ತಿಳಿಯುತ್ತದೆ. ಇಂದಿನ ತರುಣರು ಕುಣಿಯುವ ವಿದ್ಯುನ್ಮಾನ ಸಂಗೀತದಲ್ಲಿ, ವಿಶೇಷವಾಗಿ ‘ಪ್ರೊಗ್ರೆಸಿವ್’ ಎಂಬ ಪ್ರಕಾರದಲ್ಲಿ, ಈ ತಳವನ್ನು ಕಟ್ಟುವುದೇ ಒಂದು ಪ್ರತ್ಯೇಕ ವಿದ್ಯೆಯಾಗಿ ಬೆಳೆದಿದೆ. ಅದನ್ನು ವಿದ್ಯೆಯೆಂದು ಒಪ್ಪಲು ನನ್ನ ವಯಸ್ಸಿನವರು ಹಿಂಜರಿಯುತ್ತಾರೆ. ಹಿಂಜರಿಯಲು ಕಾರಣವಿಲ್ಲವೆಂದು ನನ್ನ ಭಾವನೆ.

ಆ ಹಿಂಜರಿಕೆಯ ಮೂಲವನ್ನು ನಾನು ಬಲ್ಲೆ. ಚಿತ್ತಾಪುರ ಸೀಮೆಯ ನಮ್ಮ ಗುಂಡಗುರ್ತಿಯ ಕಡೆ ಮದುವೆ ಮೆರವಣಿಗೆಗಳಲ್ಲಿ ಹಲಗೆ, ಬಾಜಾಗಳಿದ್ದ ಸ್ಥಾನಕ್ಕೆ ‘ಡಿಜೆ’ ಬಂದಿದೆ. ಗಾಡಿಯ ಮೇಲೆ ಪೇರಿಸಿದ ಪೆಟ್ಟಿಗೆಗಳು ಓಣಿಯಲ್ಲಿ ಹಾದುಹೋಗುವಾಗ ಗೂಡಿನಲ್ಲಿಟ್ಟ ಹಿತ್ತಾಳೆಯ ಪಾತ್ರೆ ತಾನಾಗಿಯೇ ನುಡಿಯತೊಡಗುತ್ತದೆ. ಮುದುಕರು ಎದೆಯ ಮೇಲೆ ಕೈಯಿಟ್ಟುಕೊಳ್ಳುತ್ತಾರೆ. ಇದನ್ನು ಕಂಡವರಿಗೆ ‘ಬೇಸ್’ ಎಂದರೆ ಉಪದ್ರವವೆಂದೇ ತೋರುವುದು ಸಹಜ. ಆದರೆ ಗಣಕಯಂತ್ರದಲ್ಲಿ ಇಂಥ ದನಿಗಳನ್ನು ರಚಿಸುವ ನನ್ನ ಅಣ್ಣನ ಮಗ ಒಮ್ಮೆ ಹೇಳಿದ ಮಾತು ನನ್ನನ್ನು ವಿಚಾರಕ್ಕೆ ಹಚ್ಚಿತು: “ಕಾಕಾ, ದನಿ ಜೋರ ಮಾಡೂದು ಯಾರಿಗರೆ ಬರ್ತದ. ಆಳ ಮಾಡೂದು ಕಲೀಬೇಕಾಗ್ತದ.”

ಆಳವನ್ನು ಮಾಡುವ ಬಗೆ ಹೇಗೆ? ಸಿಂಥಸೈಸರಿನಲ್ಲಿ ದನಿ ಹುಟ್ಟುವುದು ಆಸಿಲೇಟರ್ ಎಂಬ ಭಾಗದಲ್ಲಿ. ಗರಗಸದ ಹಲ್ಲಿನ ಆಕಾರದ ಅಲೆಯನ್ನು ಆರಿಸಿಕೊಂಡರೆ ಅದರಲ್ಲಿ ಮೂಲಸ್ವರದೊಡನೆ ಮೇಲಿನ ಉಪಸ್ವರಗಳೆಲ್ಲ ತುಂಬಿರುತ್ತವೆ, ಅದು ಕರ್ಕಶ. ಫಿಲ್ಟರ್ ಎಂಬ ಜರಡಿ ಮೇಲಿನವುಗಳನ್ನು ತಡೆದು ಕೆಳಗಿನವುಗಳನ್ನು ಬಿಡುತ್ತದೆ. ಈ ಅಲೆಗೆ ಒಂದು ಸ್ಥಾಯಿ ಕೆಳಗೆ, ಉಪಸ್ವರಗಳೇ ಇಲ್ಲದ ಶುದ್ಧ ಅಲೆಯೊಂದನ್ನು ತಳವಾಗಿ ಇಡುತ್ತಾರೆ. ಅದರ ಕಂಪನ ಸೆಕೆಂಡಿಗೆ 40ರಿಂದ 60ರ ಆಸುಪಾಸು. ಮೇಲಿನ ಅಲೆಗಳನ್ನು ಎರಡು ಮೂರಾಗಿಸಿ, ಶ್ರುತಿಯನ್ನು ಕೂದಲೆಳೆಯಷ್ಟು ತಪ್ಪಿಸಿದರೆ ದನಿಗೆ ಮೈ ಬರುತ್ತದೆ. ತಳದ ಅಲೆ ಮಾತ್ರ ಒಂದೇ ಇರಬೇಕು. ಅಲ್ಲಿ ಎರಡಾದರೆ ಅವು ಪರಸ್ಪರ ತಿಕ್ಕಾಡಿ ಅಡಿಪಾಯವೇ ಅಲುಗುತ್ತದೆ. ಪ್ರೊಗ್ರೆಸಿವ್ ಸಂಗೀತದಲ್ಲಿ ಜರಡಿಯ ಕಣ್ಣನ್ನು ನಿಮಿಷಗಟ್ಟಲೆ ಬಹು ಮೆಲ್ಲಗೆ ತೆರೆಯುತ್ತ ಹೋಗುವುದುಂಟು. ಸ್ವರ ಅದೇ, ಲಯ ಅದೇ. ಬಣ್ಣ ಮಾತ್ರ ಬೆಳಗಾದಂತೆ ಬದಲಾಗುತ್ತದೆ. ವಿಲಂಬಿತ್ ಖ್ಯಾಲಿನ ಬಢತ್ ಕೇಳಿ ಬೆಳೆದವರಿಗೆ ಈ ತಾಳ್ಮೆ ಹೊಸದಲ್ಲ.

ಇನ್ನೊಂದು ಸೂಕ್ಷ್ಮವಿದೆ. 55 ಹರ್ಟ್ಸಿನ ದನಿಯನ್ನು ಕೈಯಲ್ಲಿ ಹಿಡಿಯುವ ಫೋನಿನ ಪುಟ್ಟ ಸ್ಪೀಕರು ನುಡಿಸಲಾರದು. ಆದರೂ ನಮಗೆ ಆ ಸ್ವರ ಕೇಳಿದಂತಾಗುತ್ತದೆ. 110, 165, 220 ಎಂಬ ಉಪಸ್ವರಗಳು ಒಟ್ಟಿಗೆ ಕೇಳಿಸಿದಾಗ, ಇವುಗಳ ಮೂಲ 55 ಎಂದು ಕಿವಿಯೂ ಮಿದುಳೂ ಸೇರಿ ತಾವೇ ಊಹಿಸಿಕೊಳ್ಳುತ್ತವೆ. ಆದ್ದರಿಂದ ಬಲ್ಲ ರಚನಕಾರನು ತಳದ ದನಿಯನ್ನು ಇನ್ನಷ್ಟು ಜೋರು ಮಾಡುವ ಬದಲು ಅದನ್ನು ತುಸು ಒರಟುಗೊಳಿಸಿ ಉಪಸ್ವರಗಳನ್ನು ಹುಟ್ಟಿಸುತ್ತಾನೆ.

ನಮ್ಮ ವಾದ್ಯಕಾರರು ಇದನ್ನು ಗಣಿತವಿಲ್ಲದೆ ಅರಿತಿದ್ದರು. ತಂಬೂರಿಯ ಕುದುರೆಯ ಮೇಲೆ ತಂತಿಯ ಕೆಳಗೆ ಜೀವಾಳದ ನೂಲನ್ನು ಸರಿಸುವುದು ಉಪಸ್ವರಗಳನ್ನು ಎಬ್ಬಿಸಲಿಕ್ಕೇ. ಅವು ಎದ್ದರೆ ಖರ್ಜದ ತಂತಿಗೆ ಗಾಂಭೀರ್ಯ. ಮೃದಂಗದ ಎಡಮುಖಕ್ಕೆ ಕಛೇರಿಗೆ ಮುನ್ನ ಕಲಸಿದ ರವೆಯನ್ನು ಮೆತ್ತುತ್ತಾರೆ. ಭಾರ ಹೆಚ್ಚಿ ಶ್ರುತಿ ಇಳಿಯುತ್ತದೆ. ತಬಲಾದ ಡಗ್ಗಾವನ್ನು ಅಂಗೈಯ ಬುಡದಿಂದ ಒತ್ತಿ ಜಾರಿಸುವ ಗಮಕವನ್ನು ಸಿಂಥಸೈಸರಿನಲ್ಲಿ ಒಂದು ಗುಂಡಿಯಿಂದ ಸಾಧಿಸುತ್ತಾರೆ. ಸಾಮಾನ್ಯ ಚರ್ಮವಾದ್ಯದ ಉಪಸ್ವರಗಳು ಪರಸ್ಪರ ಹೊಂದುವುದಿಲ್ಲ. ನಮ್ಮ ಮೃದಂಗ, ತಬಲಾಗಳಲ್ಲಿ ಚರ್ಮದ ನಡುವೆ ಮೆತ್ತಿದ ಕರಣೆ ಅವುಗಳನ್ನು ಸ್ವರಬದ್ಧವಾಗಿಸುತ್ತದೆಂದು ಚಂದ್ರಶೇಖರ ವೆಂಕಟರಾಮನ್ನರೂ ಶಿವಕಾಳಿ ಕುಮಾರರೂ 1920ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದರು. ದನಿಯ ಶಿಲ್ಪವೆಂಬುದು ವಿದ್ಯುತ್ತಿನೊಡನೆ ಹುಟ್ಟಿದ್ದಲ್ಲ.

ಯಂತ್ರವೂ ನಮಗೆ ತೀರ ಪರಕೀಯವಲ್ಲ. ಅಮೆರಿಕದಲ್ಲಿ ರಾಬರ್ಟ್ ಮೂಗ್ ತನ್ನ ಸಿಂಥಸೈಸರನ್ನು ಮುಂದಿಟ್ಟದ್ದು 1964ರಲ್ಲಿ. 1969ರಲ್ಲಿಯೇ ಅಂಥದೊಂದು ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೆ ಬಂದಿತ್ತು. 1982ರಲ್ಲಿ ಮುಂಬಯಿಯ ಚಲನಚಿತ್ರ ವಾದ್ಯಗಾರ ಚರಣಜಿತ್ ಸಿಂಗ್ ಜಪಾನಿನ ರೋಲಂಡ್ ಕಂಪನಿಯ ಯಂತ್ರಗಳಲ್ಲಿ ಹತ್ತು ರಾಗಗಳನ್ನು ನುಡಿಸಿ ಮುದ್ರಿಸಿದರು. ಆ ತಟ್ಟೆ ಆಗ ಮಾರಾಟವಾಗಲಿಲ್ಲ. 2010ರಲ್ಲಿ ಮರುಮುದ್ರಣವಾದಾಗ ಪಶ್ಚಿಮದ ರಸಿಕರು ಅಚ್ಚರಿಪಟ್ಟರು.

ಈ ವಿದ್ಯೆಯ ತಿರುಳೆಂದು ನನಗೆ ತೋರಿದ್ದು ಮತ್ತೊಂದು. ನಿಮಿಷಕ್ಕೆ 124 ಪೆಟ್ಟುಗಳೆಂದರೆ ಪೆಟ್ಟಿಗೂ ಪೆಟ್ಟಿಗೂ ನಡುವೆ ಅರ್ಧ ಸೆಕೆಂಡೂ ಇಲ್ಲ. ಪ್ರತಿ ಪೆಟ್ಟಿಗೂ ನಗಾರಿಯಂಥ ತಾಳದ ದನಿ ಬೀಳುತ್ತದೆ. ಅದೂ ತಗ್ಗು, ಬೇಸೂ ತಗ್ಗು. ಎರಡೂ ಒಂದೇ ಕ್ಷಣದಲ್ಲಿ ನುಗ್ಗಿದರೆ ಎರಡೂ ಕೆಸರಾಗುತ್ತವೆ. ಆದಕಾರಣ ತಾಳ ಬಿದ್ದೊಡನೆ ಬೇಸ್ ತಾನಾಗಿ ತಗ್ಗಿ, ತಾಳ ಅಡಗಿದ ಮೇಲೆ ಮತ್ತೆ ಏಳುವಂತೆ ಏರ್ಪಡಿಸುತ್ತಾರೆ. ಕುಣಿಯುವವರ ಮೈಯಲ್ಲಿ ಉಸಿರಾಟದಂಥ ತೂಗಾಟ ಹುಟ್ಟುವುದು ಈ ದಾರಿ ಬಿಡುವಿಕೆಯಿಂದ. ಹಿರಿಯ ಪಕ್ಕವಾದ್ಯಗಾರರು ಗಾಯಕರಿಗೆ ತೋರುವ ಸೌಜನ್ಯವೂ ಇದೇ ಅಲ್ಲವೆ?

ಸೌಜನ್ಯದ ಮಾತು ಬಂದುದರಿಂದ ಮತ್ತೆ ಓಣಿಗೆ ಬರುತ್ತೇನೆ. 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿಯನ್ನು ವಿಧಿಸಿವೆ. ಆದರೆ ಆ ಅಳತೆಯ ಕ್ರಮ ಕಿವಿಯ ಸ್ವಭಾವವನ್ನು ಅನುಸರಿಸಿ ತಗ್ಗು ದನಿಗಳಿಗೆ ಕಡಿಮೆ ತೂಕ ಕೊಡುತ್ತದೆ. 50 ಹರ್ಟ್ಸಿನ ದನಿ ಮಾಪಕದಲ್ಲಿ ಇದ್ದುದಕ್ಕಿಂತ ಸುಮಾರು 30 ಡೆಸಿಬೆಲ್ ಕಡಿಮೆಯಾಗಿ ದಾಖಲಾಗುತ್ತದೆ. ಅದರ ಒಂದೊಂದು ಅಲೆಯ ಉದ್ದ ಏಳು ಮೀಟರಿನಷ್ಟು. ತೆಳು ದನಿಗಳನ್ನು ತಡೆಯುವ ಗೋಡೆ ಅದನ್ನು ಅಷ್ಟಾಗಿ ತಡೆಯಲಾರದು. ಕದ ಮುಚ್ಚಿದರೂ ಅದು ಒಳಗೆ ಬಂದು, ತೊಟ್ಟಿಲ ಕೂಸನ್ನೂ ಹಾಸಿಗೆ ಹಿಡಿದವರನ್ನೂ ಮುಟ್ಟುತ್ತದೆ. ಮಾಪಕ ಪೂರ್ತಿ ಹಿಡಿಯಲಾರದ್ದನ್ನು ನುಡಿಸುವವನ ವಿವೇಕವೇ ಹಿಡಿಯಬೇಕು.

ಆದುದರಿಂದಲೇ ಈ ವಿದ್ಯೆಯನ್ನು ನಮ್ಮ ಹುಡುಗರು ಸರಿಯಾಗಿ ಕಲಿಯಲೆಂದು ನಾನು ಬಯಸುತ್ತೇನೆ. ಪೆಟ್ಟಿಗೆಗಳನ್ನು ಬಾಡಿಗೆಗೆ ತರುವವನಿಗೆ ಗೊತ್ತಿರುವುದು ಗುಂಡಿಯನ್ನು ಪೂರ್ತಿ ತಿರುಗಿಸುವುದು. ದನಿಯನ್ನು ತಾನೇ ಕಟ್ಟಿದವನು, ಯಾವುದನ್ನು ತೆಗೆದರೆ ಯಾವುದು ಕೇಳೀತೆಂದು ರಾತ್ರಿಗಳನ್ನು ಕಳೆದವನು, ಅಬ್ಬರವಿಲ್ಲದೆಯೂ ಆಳ ಸಾಧ್ಯವೆಂದು ಬಲ್ಲ. ಹಲಗೆಯ ಹದವನ್ನು ಬೆಂಕಿಗೆ ಹಿಡಿದು ನೋಡುತ್ತಿದ್ದ ಕೈಗಳ ಪಕ್ಕದಲ್ಲಿ ಅವನಿಗೂ ಒಂದು ಮಣೆ ಹಾಕಿದರೆ, ಕಲಿಸುವುದಕ್ಕೆ ಅವರಲ್ಲಿ ಇನ್ನೂ ಬಹಳವಿದೆ. ಕಲಿಯುವುದಕ್ಕೆ ಇವನಿಗೆ ಕಿವಿಯಿದೆ.